ಎರಡು ಸುತ್ತಿನ ನಟ್ಟು

ಹಿಲ್ಸ್‌ಬರೋ, ನ್ಯೂಜೆರ್ಸಿ
೧೪ ಸೆಪ್ಟೆಂಬರ್ ೨೦೦೮

ಲೇ ಸಿದ್ದರಾಮ,

ನಾನು ಇನ್ನೂ ಸತ್ತಿಲ್ಲ. ನೀನೂ ಸತ್ತಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಫೋನು ಯಾಕೆ ಮಾಡಲಿಲ್ಲ ಅಂತ ಕೇಳಬೇಡ. ಕಾರಿನ ಪ್ಲಾಂಟಿನ ಸದ್ದು ನನ್ನ ಕಿವಿ ತಿಂದಿದೆ, ನಿನ್ನದೂ ಅದೇ ಗತಿ. ಹೋದ ಸಲ ಅರ್ಧ ಗಂಟೆ ಇಬ್ಬರೂ "ಆಂ? ಆಂ?" ಅಂದುಕೊಂಡೇ ಕಳೆದೆವು. ಹಮೀದಾ ನಕ್ಕು ನಕ್ಕು ಫೋನು ಕಿತ್ತುಕೊಂಡಳು. ಕಾಗದವೇ ವಾಸಿ. ಬೈದರೂ ಪೂರ್ತಿ ಮುಟ್ಟುತ್ತದೆ.

ವಿಷಯಕ್ಕೆ ಬರುತ್ತೇನೆ. ಗಾಡಿ ಸಿಕ್ಕಿತು. ಎಪ್ಪತ್ತನೇ ಇಸವಿಯದು. ಕಿತ್ತಳೆ ಬಣ್ಣ, ಬಾನೆಟ್ ಮೇಲೆ ಎರಡು ಕರಿ ಪಟ್ಟೆ, ಒಳಗೆ ವಿ-ಏಯ್ಟ್ ಎಂಜಿನ್. ನಮ್ಮ ಪ್ಲಾಂಟಿನಲ್ಲೇ ಹುಟ್ಟಿದ್ದು, ನಾನು ಸೇರಿದ ವರ್ಷವೇ. ಹಮೀದಾ ನರ್ಸ್ ಕೆಲಸಕ್ಕೆ ಈ ದೇಶಕ್ಕೆ ಬಂದಳು, ನಾನು ಅವಳ ಹಿಂದೆ ಸೂಟ್‌ಕೇಸಿನ ಹಾಗೆ ಬಂದೆ ಅಂತ ಆಡಿಕೊಳ್ಳುತ್ತಿದ್ದೆಯಲ್ಲ, ಆ ವರ್ಷ. ಪೆನ್ಸಿಲ್ವೇನಿಯಾದಲ್ಲಿ ಒಬ್ಬ ವಿಧವೆಯ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಬಿದ್ದಿತ್ತು. ಇದಕ್ಕಾಗಿ ನನ್ನ ನೀಲಿ ಗಾಡಿ, ಹಸಿರು ಗಾಡಿ ಎರಡನ್ನೂ ಮಾರಿಬಿಟ್ಟೆ. ದೊಡ್ಡ ಎಂಜಿನಿನ ಹಳೇ ಮಸಲ್ ಕಾರು ಕೂಡಿಡುವ ಹುಚ್ಚು ಇನ್ನು ಇದೊಂದಕ್ಕೆ ಸಾಕು.

ಈಗ ಬಿಚ್ಚಿ ಗರಾಜಿನ ತುಂಬ ಹರಡಿದ್ದೇನೆ. ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗ ಅಮರೇಶ್ವರ ಬಂದು, ಅಂಕಲ್ ನೀವು ಮೂವತ್ತು ವರ್ಷ ಕಾರು ಕಟ್ಟಿದವರು, ನಿಮಗೇನು ಕಷ್ಟ ಅಂದ. ನಾನು ಕಟ್ಟಿದ್ದು ಏನು ಅಂತ ನಿನಗೊಬ್ಬನಿಗೆ ಗೊತ್ತು. ಸ್ಟೀರಿಂಗಿನಿಂದ ಬರುವ ರಾಡನ್ನು ಮುಂದಿನ ಚಕ್ರಕ್ಕೆ ಸಿಕ್ಕಿಸುವುದು, ನಟ್ಟನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಡುವುದು. ಗಾಡಿ ಮುಂದೆ ಜರುಗುತ್ತಿತ್ತು. ಅಲ್ಲಿ ನೀನು ಏರ್ ಗನ್ ಹಿಡಿದು ನಿಂತಿರುತ್ತಿದ್ದೆ. ಬಿಗಿ ಮಾಡುವುದು, ನಟ್ಟು ಕಳಚದ ಹಾಗೆ ಪಿನ್ನು ಹಾಕುವುದು ನಿನ್ನದು. ಮಿಕ್ಕ ಕಾರನ್ನು ಯಾರು ಮಾಡಿದರೋ ನನಗೇನು ಗೊತ್ತು. ಪುಸ್ತಕ ತಂದು ನೋಡಿಕೊಂಡು ಮಾಡುತ್ತಿದ್ದೇನೆ.

ಹಮೀದಾ ಬರುವ ಮಾರ್ಚಿಗೆ ರಿಟೈರ್ ಆಗುತ್ತಾಳೆ. ನನ್ನ ಹಳೇ ಗಾಡಿಗಳಲ್ಲಿ ಇಷ್ಟು ವರ್ಷ ಒಂದು ದಿನವೂ ಕೂತವಳಲ್ಲ. ಇದರಲ್ಲಿ ಮಾತ್ರ ಕೂರುತ್ತೇನೆ ಅಂದಿದ್ದಾಳೆ. ಅಷ್ಟರೊಳಗೆ ಮುಗಿಸಬೇಕು.

ಫಾರೂಕ್

*

ಒಹಾಯೋ
೫ ಅಕ್ಟೋಬರ್ ೨೦೦೮

ಲೇ ಫಾರೂಕ್ಯಾ,

ಕಾಗದ ಓದಿ ಶೈಲಾಗೂ ಓದಿ ಹೇಳಿದೆ. ಕಿತ್ತಳೆ ಬಣ್ಣ ಅಂದಕೂಡಲೇ ಅವಳು, ಹಮೀದಾ ಅಕ್ಕಾರಿಗೆ ತಲಿನೋವು ಬರ್ತದ ಅಂದಳು. ಇಲ್ಲಿ ನಮ್ಮ ಸೀಟು ಮಾಡುವ ಕಾರ್ಖಾನೆಯಲ್ಲಿ ಒಂದು ಪಾಳಿ ನಿಲ್ಲಿಸಿದ್ದಾರೆ. ಬ್ಯಾಂಕುಗಳು ಬೀಳುತ್ತಿವೆ, ಕಾರು ಕೊಳ್ಳುವವರು ಯಾರು? ನನ್ನದು ಹಗಲು ಪಾಳಿ, ಸದ್ಯಕ್ಕೆ ನಡೆದಿದೆ.

ಈಗ ನನ್ನ ಮಾತು ಕೇಳು. ಆ ರಾಡಿನ ನಟ್ಟು ಯಾರು ಬಿಗಿ ಮಾಡುತ್ತಾರೆ? ಮಿಕ್ಕ ಬೋಲ್ಟುಗಳ ಚಿಂತೆ ನನಗಿಲ್ಲ. ಅವು ನಿನಗೆ ಹೊಸವು, ಪುಸ್ತಕ ನೋಡಿ ಮಾಡುತ್ತೀ. ಇದು ಮಾತ್ರ ನೀನು ನೋಡದೆ ಮಾಡುತ್ತೀ. ನಿನ್ನ ಕೈಗೆ ಎರಡು ಸುತ್ತಿನ ಮೇಲೆ ಗೊತ್ತೇ ಇಲ್ಲ. ನಿಮ್ಮ ಅಡಿಗೆಮನೆಯ ನಲ್ಲಿ ರಿಪೇರಿ ಮಾಡಿದ್ದು ನೆನಪಿಲ್ಲವೇನು? ಎರಡು ಸುತ್ತು ತಿರುಗಿಸಿ, ಆಯಿತು ಅಂತ ಎದ್ದು ಬಂದು ಚಹಾ ಕುಡಿದಿ. ಅಕ್ಕಾರು ವಾರಗಟ್ಟಲೆ ಕೆಳಗೆ ಬಕೆಟ್ ಇಟ್ಟಿದ್ದರು. ನಲ್ಲಿ ಸೋರಿದರೆ ನೆಲ ಒದ್ದೆಯಾಗುತ್ತದೆ. ಇದು ಕಳಚಿದರೆ ಚಕ್ರ ತನ್ನ ಪಾಡಿಗೆ ತಾನು ಹೊರಳುತ್ತದೆ. ಸ್ಟೀರಿಂಗ್ ನಿನ್ನ ಕೈಯಲ್ಲಿ ಇದ್ದರೂ ಇಲ್ಲದ ಹಾಗೇ. ರಾಡು ಒಳಗೆ ಕಚ್ಚಿಕೊಂಡು ಕೂತಿರುತ್ತದೆ, ಓಡಿಸಿದರೆ ನಾಲ್ಕು ದಿನ ಗೊತ್ತಾಗುವುದಿಲ್ಲ. ಆಮೇಲೆ ಗೊತ್ತಾಗುತ್ತದೆ.

ಎದ್ದು ಹೋಗಿ ಗಾಡಿ ಕೆಳಗೆ ಮಲಗು. ರಿಂಚು ಹಾಕಿ ಬಿಗಿ ಮಾಡು, ಪಿನ್ನು ಹಾಕು. ಹಾಕಲಿಲ್ಲ ಅಂದರೆ ಹೆಂಡತಿಯನ್ನು ಅದರಲ್ಲಿ ಕೂಡಿಸಬೇಡ, ಬುದ್ಧಿಗೇಡಿ.

ಸಿದ್ದರಾಮ

*

ಹಿಲ್ಸ್‌ಬರೋ
೨೬ ಅಕ್ಟೋಬರ್ ೨೦೦೮

ಸಿದ್ದರಾಮಪ್ಪನವರೇ,

ನಾನು ಆರನೇ ಕ್ಲಾಸಿನ ತನಕ ಓದಿದವನು, ನೀನು ಎಂಟು. ಆ ಎರಡು ಕ್ಲಾಸಿನ ಕೊಬ್ಬು ಇನ್ನೂ ಇಳಿದಿಲ್ಲ ನಿನಗೆ. ಪ್ಲಾಂಟು ಮುಚ್ಚಿದಾಗ ಒಹಾಯೋದಲ್ಲಿ ಮನೆ ಅಗ್ಗ ಅಂತ ಓಡಿದವನು ನೀನು. ಇಲ್ಲಿದ್ದು ಸಹಾಯ ಮಾಡುವುದು ಬಿಟ್ಟು ಅಲ್ಲಿಂದ ಕಾಗದದಲ್ಲಿ ಫೋರ್ಮನ್‌ಗಿರಿ ಮಾಡಬೇಡ.

ಲೈನಿನಲ್ಲಿ ನನ್ನದೊಂದು ನಟ್ಟು ತಪ್ಪಿದರೆ ಸಾಕು, ಗನ್ನು ತಗೊಂಡು ಕಬ್ಬಿಣಕ್ಕೆ ಬಡಿದು, "ಬಿಟ್ಟೀ! ಬಿಟ್ಟೀ!" ಅಂತ ಇಡೀ ಪ್ಲಾಂಟಿಗೆ ಕೇಳುವ ಹಾಗೆ ಅರಚುತ್ತಿದ್ದೆ. ನನಗೆ ಎಷ್ಟು ಅವಮಾನ ಆಗುತ್ತಿತ್ತು ಅಂತ ಒಂದು ದಿನವಾದರೂ ಯೋಚಿಸಿದೆಯಾ? ನಲ್ಲಿಯ ಕಥೆಯನ್ನು ಊರಿಗೆಲ್ಲ ಹೇಳಿ ನಗಿಸಿದ್ದೂ ನೀನೇ. ಇನ್ನೊಂದು ಸಲ ನಟ್ಟಿನ ಸುದ್ದಿ ಎತ್ತಿದರೆ ಕಾಗದ ಒಡೆಯದೆ ಕಸದ ಬುಟ್ಟಿಗೆ ಹಾಕುತ್ತೇನೆ. ಹೇಳಿದ್ದೇನೆ, ಅಷ್ಟೆ.

ಫಾರೂಕ್

*

ಹಿಲ್ಸ್‌ಬರೋ
೧೮ ಜನವರಿ ೨೦೦೯

ಸಿದ್ದರಾಮ,

ಮೂರು ತಿಂಗಳಾಯಿತು. ಮುನಿಸಿಕೊಳ್ಳುವುದಕ್ಕೆ ನೀನೇನು ಹೊಸ ಸೊಸೆಯಾ? ನಾನು ಬೈದೆ, ನೀನೂ ಬೈದು ಬರೆ, ಮುಗಿಯಿತು.

ಇಲ್ಲಿ ನಮ್ಮ ಮಗ ಫೈಜ್‌ನ ಕೆಲಸ ಹೋಯಿತು. ಹೋಬೋಕನ್‌ನಲ್ಲಿ ನದಿ ಕಾಣುವ ಮನೆ, ಬೆಳಿಗ್ಗೆ ಫೆರಿ ಹತ್ತಿ ಮ್ಯಾನ್‌ಹಟನ್, ಟೈ, ಶೂ, ಎಲ್ಲ ಹೋಯಿತು. ಒಂದು ರಟ್ಟಿನ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಿದ್ದಾನೆ. ಗಾಡಿ ಮಾರಿಬಿಡು ಅಂತ ಇಂಗ್ಲಿಷಿನಲ್ಲಿ ಹೇಳಿದ. ನಾನು ಕನ್ನಡದಲ್ಲಿ ಬೈದೆ. ಹಮೀದಾ ಇಬ್ಬರಿಗೂ ಉರ್ದುವಿನಲ್ಲಿ ಬೈದಳು.

ಎಂಜಿನ್ ಸ್ಟಾರ್ಟ್ ಆಯಿತು. ನನಗೆ ಸರಿಯಾಗಿ ಕೇಳಿಸಲಿಲ್ಲ, ಬಾನೆಟ್ ಮೇಲೆ ಅಂಗೈ ಇಟ್ಟು ತಿಳಿದುಕೊಂಡೆ. ಸ್ಟೀರಿಂಗಿನ ಹಳೇ ರಾಡುಗಳು ಸೊಟ್ಟಗಾಗಿದ್ದವು. ಕಿತ್ತು ಬಿಸಾಕಿ ಹೊಸವು ಹಾಕಿದೆ. ಮೊನ್ನೆ ಸಾಮರ್‌ವಿಲ್ ತನಕ ಹೋಗಿ ಬಂದೆ. ಬೆಣ್ಣೆಯ ಹಾಗೆ ಓಡುತ್ತದೆ.

ಹಮೀದಾ ಫೋನು ಮಾಡಿದಾಗ ಶೈಲಮ್ಮ ಹಿಮ ಎಷ್ಟು ಬಿತ್ತು ಅನ್ನುವುದನ್ನು ಬಿಟ್ಟು ಬೇರೆ ಮಾತೇ ಆಡುವುದಿಲ್ಲವಂತೆ. ಏನು ವಿಷಯ? ಬರೆ.

ಫಾರೂಕ್

*

ಒಹಾಯೋ
೮ ಫೆಬ್ರವರಿ ೨೦೦೯

ಆತ್ಮೀಯ ಗೆಳೆಯರಾದ ಫಾರೂಕ್ ಅವರಿಗೆ ಸಿದ್ದರಾಮಪ್ಪನ ನಮಸ್ಕಾರಗಳು.

ಕಾಗದ ತಲುಪಿತು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಕಾರ್ಖಾನೆಯಲ್ಲಿ ಕೆಲಸ ಸ್ವಲ್ಪ ಕಡಿಮೆ ಇರುವುದರಿಂದ ನನಗೆ ವಿಶ್ರಾಂತಿ ಸಿಗುತ್ತಿದೆ. ಫೈಜ್ ವಿಷಯ ಓದಿ ಬೇಸರವಾಯಿತು. ಜಾಣ ಹುಡುಗ, ಬೇರೆ ಸಿಕ್ಕೇ ಸಿಗುತ್ತದೆ.

ನಿಮ್ಮ ಬೇಸ್‌ಮೆಂಟಿನಲ್ಲಿ ಈಗ ಯಾರಾದರೂ ಇದ್ದಾರೆಯೇ? ಸುಮ್ಮನೆ ಕೇಳಿದೆ. ಶೈಲಾಗೆ ಇಲ್ಲಿ ಮಾತಿಗೆ ಯಾರೂ ಇಲ್ಲ. ಬ್ರಿಡ್ಜ್‌ವಾಟರಿನ ಗುಡಿಗೆ ಹೋಗಿ ಎಷ್ಟು ವರ್ಷವಾಯಿತು ಅನ್ನುತ್ತಿರುತ್ತಾಳೆ. ನೀವು ನಮ್ಮನ್ನು ಅಲ್ಲಿಗೆ ಬಿಟ್ಟು, ಹೊರಗೆ ಕಾರಿನಲ್ಲಿ ಕೂತು ಕಾಯುತ್ತಿದ್ದಿರಿ. ಅದನ್ನೆಲ್ಲ ನೆನೆಯುತ್ತೇವೆ.

ಹೊಸ ರಾಡುಗಳನ್ನು ಹಾಕಿದ್ದು ತಿಳಿದು ಸಂತೋಷ. ಅನುಕೂಲವಾದಾಗ ಒಮ್ಮೆ ಯಾರಿಗಾದರೂ ತೋರಿಸಿದರೆ ಒಳ್ಳೆಯದಿತ್ತು. ನಿಮಗೆ ತಿಳಿಯದ್ದೇನಲ್ಲ.

ಅಕ್ಕನವರಿಗೆ ನಮಸ್ಕಾರ ತಿಳಿಸಿ.

ಸಿದ್ದರಾಮಪ್ಪ

*

ಹಿಲ್ಸ್‌ಬರೋ
೧ ಮಾರ್ಚ್ ೨೦೦೯

ಏನಯ್ಯಾ ದೊಡ್ಡ ಮನುಷ್ಯ,

ನಿನ್ನ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದೆ, ಬೇರೆ ಯಾರಿಗಾದರೂ ಬರೆದದ್ದು ನನಗೆ ಬಂತೋ ಅಂತ. ಕ್ಷಮೆಯಂತೆ, ನಮಸ್ಕಾರಗಳಂತೆ. ಒಹಾಯೋದಲ್ಲಿ ಯಾರ ಜೊತೆ ಓಡಾಡುತ್ತಿದ್ದೀಯ, ಮೇಷ್ಟರ ಜೊತೆಯಾ? ಆದರೆ ಒಂದು ಒಪ್ಪಿಕೊಂಡೆಯಲ್ಲ, ನನಗೆ ತಿಳಿಯದ್ದೇನಲ್ಲ ಅಂತ. ಅದನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು ನಿನಗೆ. ಯಾರಿಗೂ ತೋರಿಸುವ ಅಗತ್ಯ ಇಲ್ಲ.

ಬೇಸ್‌ಮೆಂಟಿನಲ್ಲಿ ಗಾಡಿಯ ಹಳೇ ಸೀಟು, ಬಂಪರು, ಪೇಂಟಿನ ಡಬ್ಬ ತುಂಬಿವೆ. ಇಲಿಗೂ ಜಾಗವಿಲ್ಲ. ಯಾಕೆ ಕೇಳಿದೆ?

ಫಾರೂಕ್

*

ಹಿಲ್ಸ್‌ಬರೋ
೨೨ ಮಾರ್ಚ್ ೨೦೦೯

ಲೇ ಕತ್ತೆ,

ನಿನ್ನ ಫೆಬ್ರವರಿಯ ಕಾಗದ ಹಮೀದಾ ಕೈಗೆ ಸಿಕ್ಕಿತು. ಓದಿದಳು. ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಅವರ ಮನೆ ಹೋಗಿದೆ ಕಣ್ರೀ. ಅವರು ಜಾಗ ಕೇಳ್ತಿದ್ದಾರೆ, ನೀವು ಇಲಿ ಲೆಕ್ಕ ಕೊಟ್ಟಿದ್ದೀರಿ" ಅಂದಳು. ಆಗಲೇ ಶೈಲಮ್ಮನಿಗೆ ಫೋನು ಹಚ್ಚಿದಳು. ಶೈಲಮ್ಮ ಹಿಮದ ಮಾತು ಎತ್ತಿದಳಂತೆ, ಆಮೇಲೆ ಅಳುವುದಕ್ಕೆ ಶುರು ಮಾಡಿದಳಂತೆ. ಡಿಸೆಂಬರಿನಲ್ಲೇ ಕಾರ್ಖಾನೆ ಮುಚ್ಚಿತಂತೆ. ಏಪ್ರಿಲ್ ಮಧ್ಯಕ್ಕೆ ಬ್ಯಾಂಕಿನವರು ಮನೆಯ ಬೀಗ ಬದಲಾಯಿಸುತ್ತಾರಂತೆ. ಇಷ್ಟು ದಿನ ಬಾಯಲ್ಲಿ ಏನಿಟ್ಟುಕೊಂಡಿದ್ದೆ?

ಬೇಸ್‌ಮೆಂಟ್ ಖಾಲಿ ಮಾಡುತ್ತಿದ್ದೇವೆ. ಏಪ್ರಿಲ್ ನಾಲ್ಕನೇ ತಾರೀಕು ಶನಿವಾರ ಬರುತ್ತೇವೆ. ನಿಮ್ಮ ಸಾಮಾನಿಗೆ ಫೈಜ್ ಬಾಡಿಗೆ ವ್ಯಾನ್ ತರುತ್ತಾನೆ. ನಾನು ಕಿತ್ತಳೆ ಗಾಡಿಯಲ್ಲಿ. ಹಮೀದಾ ನನ್ನ ಜೊತೆ. ಶೈಲಮ್ಮ ಸುಮ್ಮನೆ ಕರೆದರೆ ಹೊರಡುವವಳಲ್ಲ, ನಾನೇ ಕೈ ಹಿಡಿದು ಕರೆತರಬೇಕು ಅಂತಾಳೆ. ರಿಟೈರ್ ಆಗಿ ಒಂದು ವಾರವಾಯಿತು. ಗಾಡಿ ಹತ್ತುವ ಮಾತು ಕೊಟ್ಟಿದ್ದಳಲ್ಲ, ಮೊದಲ ಸವಾರಿಯೇ ನಿಮ್ಮ ಮನೆಗೆ.

ಬೇಡ ಅಂತ ಬರೆಯಬೇಡ. ಬರೆದರೂ ಬರುತ್ತೇವೆ.

ಫಾರೂಕ್

*

ಒಹಾಯೋ
೨೯ ಮಾರ್ಚ್ ೨೦೦೯

ಫಾರೂಕ್ ಅವರಿಗೆ,

ಏನು ಬರೆಯಬೇಕೋ ತಿಳಿಯುತ್ತಿಲ್ಲ. ಶೈಲಾ ನಿನ್ನೆಯಿಂದ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಳೆ. ಇವತ್ತು ಹೊಟ್ಟೆ ತುಂಬ ಊಟ ಮಾಡಿದಳು. ನಾವು ನಿಮಗೆ ಭಾರವಾಗುವುದಿಲ್ಲ. ಒಂದು ಕೆಲಸ ಸಿಕ್ಕಿದ ಕೂಡಲೇ ಬೇರೆ ನೋಡಿಕೊಳ್ಳುತ್ತೇವೆ. ಬೆಳಿಗ್ಗೆ ಹುಲ್ಲು ಕತ್ತರಿಸುವುದು, ಹಿಮ ತೆಗೆಯುವುದು, ನೀವು ಹೇಳಿದ್ದನ್ನು ಮಾಡಿಕೊಂಡಿರುತ್ತೇನೆ.

ಅಷ್ಟು ದೂರ ಹಳೇ ಗಾಡಿಗೆ ಯಾಕೆ ತೊಂದರೆ ಅನಿಸಿತು. ಅಕ್ಕನವರು ವ್ಯಾನಿನಲ್ಲೇ ಬಂದರೆ ಅವರಿಗೂ ಆರಾಮು. ನಿಮ್ಮ ಇಷ್ಟ.

ನಿಧಾನವಾಗಿ ಬನ್ನಿ.

ಸಿದ್ದರಾಮಪ್ಪ

*

ಹಿಲ್ಸ್‌ಬರೋ
೧೦ ಮೇ ೨೦೦೯

ಸಿದ್ದರಾಮ,

ಫೈಜ್ ನಿಮಗೆ ಫೋನು ಮಾಡಿ ಹೇಳಿದ್ದಾನೆ. ಅವನು ಏನು ಹೇಳಿದನೋ ನನಗೆ ಗೊತ್ತಿಲ್ಲ. ನನ್ನ ಬಾಯಿಂದ ನೀನು ಕೇಳಬೇಕು.

ನಿನ್ನ ಕಾಗದ ಶುಕ್ರವಾರ ಬಂತು. ಹಮೀದಾ ಗಟ್ಟಿಯಾಗಿ ಓದಿದಳು. ವ್ಯಾನಿನಲ್ಲಿ ಬರಲೇನು ಅಂತ ಕೇಳಿದಳು. ಅವನು ಉಪಚಾರಕ್ಕೆ ಬರೆದಿದ್ದಾನೆ ಅಂದೆ. ಬೆಳಿಗ್ಗೆ ಚಪಾತಿ ಕಟ್ಟಿಕೊಂಡು ಹೊರಟೆವು. ಫೈಜ್ ಹಿಂದೆ ವ್ಯಾನಿನಲ್ಲಿ. ಹಮೀದಾ ಕಿಟಕಿ ಇಳಿಸಿ ಕೈ ಆಚೆ ಇಟ್ಟುಕೊಂಡಿದ್ದಳು. ಸದ್ದು ಜಾಸ್ತಿ ಅಂದಳು. ನನಗೆ ಕೇಳಿಸಿದರೆ ತಾನೆ ಅಂದೆ. ನಕ್ಕಳು. ಎಪ್ಪತ್ತೆಂಟನೇ ಹೈವೇಯಲ್ಲಿ ಪೆನ್ಸಿಲ್ವೇನಿಯಾದ ನದಿಗೆ ಇಳಿಯುವ ಕಡೆ ಬಲಚಕ್ರ ಹೊರಳಿತು. ನಾನು ಎಡಕ್ಕೆ ತಿರುಗಿಸುತ್ತಿದ್ದೇನೆ, ಗಾಡಿ ಬಲಕ್ಕೆ ಹೋಗುತ್ತಿದೆ. ರಸ್ತೆ ಅಂಚಿನಲ್ಲಿ ಲಾರಿ ನಿಂತಿತ್ತು. ಅವಳ ಬದಿಯೇ ಹೋಗಿ ಹೊಡೆಯಿತು. ನನಗೆ ಎರಡು ಪಕ್ಕೆಲುಬು, ಅಷ್ಟೆ. ಅವಳನ್ನು ಹೊರಗೆ ತೆಗೆದದ್ದು ಫೈಜ್, ಅಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಪೊಲೀಸಿನವನು ಒಳ್ಳೆಯವನು. ರಾಡಿನ ತುದಿ ತೋರಿಸಿದ. ನಟ್ಟಿಲ್ಲ, ಪಿನ್ನಿಲ್ಲ. ರಿಂಚು ಹಾಕಿದ ಗುರುತೇ ಇಲ್ಲ ಅಂದ. ಯಾವ ಗರಾಜಿನಲ್ಲಿ ಮಾಡಿಸಿದಿರಿ ಅಂತ ಕೇಳಿದ. ಫೈಜ್ ನನ್ನ ಕಡೆ ತಿರುಗಿ ನೋಡಿದ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ತಟ್ಟೆ ತಂದು ಇಡುತ್ತಾನೆ, ಹೋಗುತ್ತಾನೆ.

ಈಗ ಇದನ್ನು ಕೇಳು. ಅಕ್ಟೋಬರಿನಲ್ಲಿ ನೀನು ಬುದ್ಧಿಗೇಡಿ ಅಂತ ಬರೆದೆಯಲ್ಲ, ಉರಿದುಹೋಯಿತು. ನಿನಗೆ ಬೈದು ಬರೆದು ಅಂಚೆಗೆ ಹಾಕಿ ಬಂದು, ಗಾಡಿ ಕೆಳಗೆ ಮಲಗಿ ನೋಡಿದೆ. ಎರಡೂ ನಟ್ಟು ಎರಡೇ ಸುತ್ತಿನಲ್ಲಿ ನಿಂತಿದ್ದವು. ರಿಂಚು ಹಾಕಿದೆ, ಪಿನ್ನು ಹಾಕಿದೆ. ನಿನಗೆ ಹೇಳಲಿಲ್ಲ. ನಿನಗೆ ಯಾಕೆ ಹೇಳಬೇಕು? ಜನವರಿಯಲ್ಲಿ ಹೊಸ ರಾಡು ಹಾಕಿದಾಗ ಆ ಹಳೇ ನಟ್ಟು ಪಿನ್ನು ಕಿತ್ತು ಎಸೆದೆ. ಹೊಸದನ್ನು ಸಿಕ್ಕಿಸಿ, ಅದೇ ಎರಡು ಸುತ್ತು ತಿರುಗಿಸಿ, ಕೈ ಒರೆಸಿಕೊಂಡು ಎದ್ದೆ. ಬಿಗಿ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಖುರಾನ್ ಮುಟ್ಟಿ ಹೇಳು ಅಂದಿದ್ದರೂ ಹೇಳುತ್ತಿದ್ದೆ.

ಅಕ್ಟೋಬರಿನಲ್ಲಿ ಅರಚಿದವನು ಫೆಬ್ರವರಿಯಲ್ಲಿ ಯಾಕೆ ಅರಚಲಿಲ್ಲ? ಹೊಸ ರಾಡು ಹಾಕಿದೆ ಅಂತ ಬರೆದಿದ್ದೆ. ನಿನಗೆ ಗೊತ್ತಿತ್ತು. ಅನುಕೂಲವಾದಾಗ ಅಂತ ಬರೆದೆ. ನಿಮ್ಮ ಇಷ್ಟ ಅಂತ ಬರೆದೆ.

ಫಾರೂಕ್

*

ಒಹಾಯೋ
೨೪ ಮೇ ೨೦೦೯

ಫಾರೂಕ,

ಗೊತ್ತಿತ್ತು. ಜನವರಿಯ ನಿನ್ನ ಕಾಗದದಲ್ಲಿ ಹೊಸ ರಾಡು ಅಂತ ಓದಿದಾಗಲೇ ಪೆನ್ನು ತಗೊಂಡೆ. ಮೊದಲು ಬರೆದದ್ದು ಬೈಗುಳವೇ. ಹಮೀದಾ ಅಕ್ಕಾರ ಹೆಸರು ಹಿಡಿದು, ಅವರಿಗೇನಾದರೂ ಆದರೆ ನಿನ್ನನ್ನು ಬಿಡುವುದಿಲ್ಲ ಅಂತ ಬರೆದಿದ್ದೆ. ಶೈಲಾ ಓದಿದಳು. "ಅವ್ರ ಮನ್ಯಾಗ ಉಣ್ಣಾಕ ಹೊಂಟೇವಿ. ಹೀಂಗ ಬರದ್ರ ಬಾಗಲಾ ತಗೀತಾರೇನು?" ಅಂದಳು. ನಟ್ಟಿನ ಸುದ್ದಿ ಎತ್ತಿದರೆ ಕಾಗದ ಒಡೆಯುವುದಿಲ್ಲ ಅಂತ ನೀನೂ ಹೇಳಿದ್ದಿ. ಒಡೆಯದಿದ್ದರೆ ಜಾಗ ಕೇಳಿದ್ದೂ ನಿನಗೆ ಮುಟ್ಟುತ್ತಿರಲಿಲ್ಲ. ಹರಿದುಹಾಕಿ ಇನ್ನೊಂದು ಬರೆದೆ.

ಶೈಲಾಳ ಮೇಲೆ ಹೊರಿಸುತ್ತಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ಕೆಲಸ ಇದ್ದವನಾಗಿದ್ದರೆ ಬೈಯುತ್ತಿದ್ದೆ. ಕೆಲಸ ಹೋದ ಮೇಲೆ ಅಂಗಡಿಯವನಿಗೂ ಸರ್ ಅನ್ನುತ್ತಿದ್ದೆ, ನಿನಗೂ ಹಾಗೇ ಬರೆದೆ.

ಬ್ಯಾಂಕಿನವರು ಬೀಗ ಹಾಕಿದರು. ಇಲ್ಲಿಯ ಗುಡಿಯಲ್ಲಿ ಪರಿಚಯವಾದ ಪ್ರಭಾಕರ ಅನ್ನುವವರ ಗರಾಜಿನಲ್ಲಿ ಇದ್ದೇವೆ. ಜೂನ್ ಕೊನೆಗೆ ಅವರೂ ಮನೆ ಬಿಡುತ್ತಾರಂತೆ. ಶೈಲಾ ಊಟ ಬಿಟ್ಟಿದ್ದಾಳೆ. ತನ್ನನ್ನು ಕರೆಯಲು ಬರುತ್ತಾ ಹೋದರು ಅಂತ ಅದನ್ನೇ ಹೇಳುತ್ತಾಳೆ. ನಾವು ಎಲ್ಲಿಗಾದರೂ ಹೋಗುತ್ತೇವೆ. ನಿನ್ನ ಮನೆಗೆ ಬರುವ ಮುಖ ನನಗಿಲ್ಲ. ಫೈಜ್ ಎದುರು ಹೇಗೆ ನಿಲ್ಲಲಿ?

ಸಿದ್ದರಾಮ

*

ಹಿಲ್ಸ್‌ಬರೋ
೭ ಜೂನ್ ೨೦೦೯

ಸಿದ್ದರಾಮ,

ನಿನ್ನ ತಪ್ಪಿಲ್ಲ ಅಂತ ಬರೆಯಲು ಕೂತೆ. ಕೈ ಬರಲಿಲ್ಲ. ಅದಕ್ಕೇ ಒಂದು ವಾರ ತಡವಾಯಿತು. ನನ್ನ ತಪ್ಪು ಎಷ್ಟು ಅನ್ನುವುದನ್ನು ನೀನು ಹೇಳಬೇಕಾಗಿಲ್ಲ. ಅದನ್ನು ಹೇಳುವುದಕ್ಕೆ ಮನೆಯಲ್ಲಿ ಒಬ್ಬನಿದ್ದಾನೆ, ಬಾಯಿ ತೆಗೆಯದೇ ಹೇಳುತ್ತಾನೆ.

ನಿನ್ನ ಕಾಗದವನ್ನು ಫೈಜ್ ಮುಂದೆ ಇಟ್ಟೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಓದಿ ಹೇಳಿದೆ, ಹರಿದುಹಾಕಿದ ಕಾಗದದ ವಿಷಯವನ್ನೂ ಬಿಡಲಿಲ್ಲ. ಪೂರ್ತಿ ಕೇಳಿದ.

"ಅಮ್ಮಿ ವಾಂಟೆಡ್ ದೆಮ್ ಹಿಯರ್" ಅಂದ. ಎರಡು ತಿಂಗಳಲ್ಲಿ ನನಗೆ ಆಡಿದ ಮೊದಲ ಮಾತು. ಅದೂ ನನಗಲ್ಲ, ಗೋಡೆಗೆ. ಆಮೇಲೆ ಕೆಳಗೆ ಇಳಿದು ಹೋಗಿ ಬೇಸ್‌ಮೆಂಟಿನಲ್ಲಿ ಉಳಿದಿದ್ದ ಬಂಪರನ್ನು ಎಳೆದು ಹೊರಗೆ ಹಾಕಿದ.

ಇಪ್ಪತ್ತನೇ ತಾರೀಕು ಅವನೇ ವ್ಯಾನ್ ತರುತ್ತಾನೆ. ನಾನು ಬರುವುದಿಲ್ಲ. ಲೈಸೆನ್ಸ್ ವಾಪಸ್ ಕೊಟ್ಟುಬಿಟ್ಟೆ. ಈ ಊರಿನಲ್ಲಿ ಗಾಡಿ ಇಲ್ಲದೆ ಹಾಲು ತರುವುದಕ್ಕೂ ಆಗುವುದಿಲ್ಲ ಅಂತ ನಿನಗೆ ಗೊತ್ತು. ಶುಕ್ರವಾರ ಖಬರಸ್ತಾನಕ್ಕೆ ಹೋಗಬೇಕು. ಫೈಜ್ ಕರೆದುಕೊಂಡು ಹೋಗುತ್ತಾನೆ, ಗೇಟಿನ ಹೊರಗೆ ಎಂಜಿನ್ ಆರಿಸದೆ ಕೂತಿರುತ್ತಾನೆ. ನಾನು ಬೇಗ ಬೇಗ ಫಾತಿಹಾ ಓದಿ ಬರುತ್ತೇನೆ. ಅವಳ ಹತ್ತಿರ ಕೂರುವುದಕ್ಕೆ ಆಗುತ್ತಿಲ್ಲ.

ಇನ್ನು ಮೇಲೆ ನೀನು ಕರೆದುಕೊಂಡು ಹೋಗು. ಹೋಗುವಾಗ ಬರುವಾಗ ದಾರಿಯುದ್ದಕ್ಕೂ ಬೈಯಿ. ನನ್ನ ಕಿವಿಗೆ ಮುಟ್ಟುವ ಹಾಗೆ ಗಟ್ಟಿಯಾಗಿ. ಮರ್ಯಾದೆಯ ಮಾತು ಒಂದೇ ಒಂದು ಆಡಿದರೂ ಅಲ್ಲೇ ಇಳಿದು ನಡೆದುಕೊಂಡು ಬರುತ್ತೇನೆ.

ಫಾರೂಕ್